ಹಳೇ ಪಿಕಪ್ ಗಾಡಿ: ರಿಪೇರಿಯೊಳಗಿನ ಇತಿಹಾಸ (7 ಭಾಗದ ಸರಣಿ)

ಭಾಗ 1 | ಟೆಂಪೋ ಅನ್ನೋ ಹೆಸರು

ದೋಸ್ತರ, ನಿಮ್ಮ ಊರಾಗ ಮಾಲು ಹೊರೋ ಸಣ್ಣ ಗಾಡಿಗೆ ಏನಂತೀರಿ? ನಮ್ಮ ಇಟ್ಟಂಗಿಹಾಳದಾಗ ಹಿರಿಯರು ಇನ್ನೂ "ಟೆಂಪೋ" ಅಂತಾರ. ಗಾಡಿ ಟಾಟಾದ್ದಿರಲಿ, ಮಹೀಂದ್ರಾದ್ದಿರಲಿ, ಅವರಿಗೆ ಎಲ್ಲಾ ಟೆಂಪೋನ. ಈ ಹೆಸರು ಎಲ್ಲಿಂದ ಬಂತು ಅಂತ ಹುಡುಕಿದ್ರ ಅದು ಜರ್ಮನಿಯ ಹ್ಯಾಂಬರ್ಗ್ ತನಕ ಹೋಗತೈತಿ. ಅಲ್ಲಿ ವಿಡಾಲ್ ಆಂಡ್ ಸೋನ್ ಅನ್ನೋ ಕಂಪನಿ "ಟೆಂಪೋ" ಹೆಸರಿನ ಮೂರು ಗಾಲಿ ಗಾಡಿ ಮಾಡತಿತ್ತು. 1958ರಲ್ಲಿ ಬಜಾಜ್ ಟೆಂಪೋ ಕಂಪನಿ ಶುರುವಾಯಿತು. ಅವರ ಲೈಸೆನ್ಸ್ ತಗೊಂಡು "ಹ್ಯಾನ್ಸೀಟ್" ಅನ್ನೋ ಮೂರು ಗಾಲಿ ಗಾಡಿ ನಮ್ಮ ದೇಶದಾಗ ಮಾಡಿದರು. ಎತ್ತಿನ ಬಂಡಿಗೂ ದೊಡ್ಡ ಲಾರಿಗೂ ನಡುವ ಏನೂ ಇರದ ಕಾಲ ಅದು. ಆ ಖಾಲಿ ಜಾಗಾಕ್ಕ ಬಂದ ಗಾಡಿಯ ಹೆಸರು ಅಂಥಾ ಎಲ್ಲಾ ಗಾಡಿಗೂ ಗಟ್ಟಿಯಾಗಿ ಕೂತಬಿಡ್ತು. ಕಂಪನಿ 2005ರಲ್ಲಿ ಫೋರ್ಸ್ ಮೋಟಾರ್ಸ್ ಅಂತ ಹೆಸರು ಬದಲಿ ಮಾಡಿತು. ಜನ ಮಾತ್ರ ಬದಲಿ ಮಾಡಲಿಲ್ಲ.

1969ರಲ್ಲಿ ಅದ ಕಂಪನಿಯ ಮೆಟಡೋರ್ ಬಂತು. ಮದುವಿ ದಿಬ್ಬಣ, ಸಾಲಿ ಹುಡುಗರು, ತರಕಾರಿ, ಗಣೇಶನ ಮೂರ್ತಿ, ಎಲ್ಲಾದಕ್ಕೂ ಅದ. ನಮ್ಮ ವಯಸ್ಸಿನವರು ಮೆಟಡೋರ್ ಓಡಾಡೋದು ನೋಡಿದ್ದು ಕಡಿಮಿ. ಗುಜರಿ ಅಂಗಡಿ ಹಿಂದ ಜಾಲಿ ಕಂಟಿಯೊಳಗ ನಿಂತದ್ದು ನೋಡಿರಬಹುದು, ಫೋಟೋ 3 ಅಂಥಾದ್ದ ಒಂದು.

ನಾನು ಬಿಕಾಂ ಓದತೀನಿ, ಇಂಜಿನಿಯರ್ ಅಲ್ಲ. ಆದ್ರ ರಜಾದಾಗ ಕಾಕಾನ ಗಾಡಿ ಜೋಡಿ ಗ್ಯಾರೇಜಿನ್ಯಾಗ ಕೂತ ಕೂತ ಒಂದು ತಿಳೀತು. ಹಳೇ ಪಿಕಪ್ ಯಾವ ಜಾಗಾದಾಗ ಕೆಡತೈತಿ, ಅದನ್ನ ಹೆಂಗ ಸರಿ ಮಾಡತಾರ ಅನ್ನೋದನ್ನ ನೋಡತಾ ಹೋದ್ರ ನಮ್ಮ ಜಿಲ್ಲಾದ ಐವತ್ತು ವರ್ಷದ ಕಥಿ ಸಿಗತೈತಿ. ಅದನ್ನ ಇಲ್ಲಿ ಬರೀತೀನಿ.

ಭಾಗ 2 | ಜೀಪಿನ ಸಂತಾನ

ಮಹೀಂದ್ರಾ ಪಿಕಪ್ಪಿನ ಮೂಲ ಯುದ್ಧದ ಜೀಪು. 1945ರಲ್ಲಿ ಮಹೀಂದ್ರಾ ಆಂಡ್ ಮೊಹಮ್ಮದ್ ಅಂತ ಶುರುವಾದ ಕಂಪನಿ ಅದು. ಪಾಲುದಾರ ಗುಲಾಮ್ ಮೊಹಮ್ಮದ್ ದೇಶ ವಿಭಜನೆ ಆದ ಮೇಲೆ ಪಾಕಿಸ್ತಾನಕ್ಕೆ ಹೋದರು, ಅಲ್ಲಿಯ ಹಣಕಾಸು ಮಂತ್ರಿ ಆದರು. ಇಲ್ಲಿ 1948ರಲ್ಲಿ ಹೆಸರು ಮಹೀಂದ್ರಾ ಆಂಡ್ ಮಹೀಂದ್ರಾ ಆಯಿತು. ಅಮೆರಿಕದ ವಿಲೀಸ್ ಜೀಪಿನ ಬಿಡಿಭಾಗ ತರಿಸಿ ಮುಂಬೈಯಲ್ಲಿ ಜೋಡಿಸತಿದ್ದರು. ಅದ ಜೀಪಿನ ಚಾಸಿ ಉದ್ದ ಮಾಡಿ ಹಿಂದ ತೊಟ್ಟಿ ಕೂಡಿಸಿದ್ರ ಪಿಕಪ್ ತಯಾರು.

ಪೆಟ್ರೋಲ್ ಜೀಪು ರೈತರಿಗೆ ಪರವಡಲಿಲ್ಲ. 1980ರ ದಶಕದಾಗ ಮಹೀಂದ್ರಾದವರು ಫ್ರಾನ್ಸಿನ ಪ್ಯೂಜೋ ಕಂಪನಿಯ ಲೈಸೆನ್ಸಿನ 2112 ಸಿಸಿ ಡಿಸೆಲ್ ಎಂಜಿನ್ ತಂದರು. ಇದಕ್ಕೊಂದು ಸ್ವಭಾವ ಇತ್ತು. ಡಿಸೆಲ್ ನೇರ ಪಿಸ್ಟನ್ ಮ್ಯಾಲ ಬೀಳತಿರಲಿಲ್ಲ. ಹೆಡ್ಡಿನೊಳಗಿನ ಒಂದು ಸಣ್ಣ ಕೋಣ್ಯಾಗ ಮೊದಲ ಹತ್ತಿಕೊಂಡು ಆಮ್ಯಾಲ ಕೆಳಗ ಬರತಿತ್ತು. ಸಪ್ಪಳ ಕಡಿಮಿ, ಓಟ ಮೆತ್ತಗ. ಆದ್ರ ಆ ಕೋಣಿ ತಣ್ಣಗಿದ್ರ ಎಂಜಿನ್ ಚಾಲೂ ಆಗೋದಿಲ್ಲ. ಅದಕ್ಕ ಹೀಟರ್ ಪ್ಲಗ್ ಬೇಕು. ನಾಕರಾಗ ಎರಡು ಸುಟ್ಟುಹೋದ್ರ ಸಂಕ್ರಮಣದ ಚಳಿಯೊಳಗ ಗಾಡಿ ಮುಂಜಾನೆ ಏಳೋದಿಲ್ಲ. ಬಿಳಿ ಹೊಗಿ ಬಿಡತೈತಿ, ಸೆಲ್ಫ್ ತಿರುಗಿ ತಿರುಗಿ ಬ್ಯಾಟರಿ ಕೂಡತೈತಿ. ಪ್ಲಗ್ ಹಾಕಸೋ ಬದಲಿ ಗಾಡಿ ರಾತ್ರಿ ಇಳಿಜಾರಿನ್ಯಾಗ ನಿಲ್ಲಸೋದು, ಮುಂಜಾನೆ ಮೂರು ಮಂದಿ ದಬ್ಬೋದು. ಊರಾಗ ಯಾರ ಮನಿ ಮುಂದ ಇಳಿಜಾರು ಐತಿ ಅಂತ ಡ್ರೈವರಗಳಿಗೆ ಬರೋಬ್ಬರಿ ಗೊತ್ತಿರತಿತ್ತು.

ಆಮ್ಯಾಲ ಬಂದ ಡಿಐ ಎಂಜಿನ್ನಿನೊಳಗ ಡಿಸೆಲ್ ನೇರವಾಗಿ ಪಿಸ್ಟನ್ ತಲೀ ಮ್ಯಾಲ ಹೋಗತೈತಿ. ಧಡಧಡ ಸಪ್ಪಳ ಹೆಚ್ಚು, ಡಿಸೆಲ್ ಉಳಿತಾಯ, ನಮ್ಮ ಚಳಿಗೆ ಹೀಟರ್ ಇಲ್ಲದನ ಏಳತಿತ್ತು. ಗಾಡಿ ಹಿಂದ "ಡಿಐ" ಅಂತ ದೊಡ್ಡದಾಗಿ ಬರೀತಿದ್ದದ್ದು ಇದಕ್ಕ.

ಭಾಗ 3 | ಯೆನ್ ಏರಿದ್ದು, 407 ಗೆದ್ದದ್ದು

ಈ ಭಾಗ ನಮ್ಮ ಕಾಮರ್ಸ್ ಮಂದಿಗೆ.

1980ರ ದಶಕದ ನಡುವಿನ್ಯಾಗ ಸರಕಾರ ಜಪಾನಿನ ಕಂಪನಿಗಳಿಗೆ ಬಾಗಿಲು ತೆಗೀತು. ಸಣ್ಣ ಲಾರಿ ಮಾಡಾಕ ನಾಕು ಜೋಡಿ ಬಂದವು: ಡಿಸಿಎಂ ಟೊಯೋಟಾ, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ, ಆಲ್ವಿನ್ ನಿಸಾನ್. ಆಲ್ವಿನ್ ನಿಸಾನ್ ಫ್ಯಾಕ್ಟರಿ ನಮ್ಮ ಬೀದರ ಆಚೆ ಜಹೀರಾಬಾದಿನಲ್ಲಿತ್ತು. ಗಾಡಿ ಚಂದ, ಸ್ಟೇರಿಂಗ್ ಹಗುರ, ಕ್ಯಾಬಿನ್ ಲಕಲಕ. ಟಾಟಾ ಕಥಿ ಮುಗೀತು ಅಂತ ಬಹಳ ಮಂದಿ ಅಂದುಕೊಂಡಿದ್ದರು. ಟಾಟಾದವರು ಯಾರ ಲೈಸೆನ್ಸೂ ತಗೊಳ್ಳದ ತಮ್ಮದ 407 ಮಾಡಿ 1986ರಲ್ಲಿ ಬಿಟ್ಟರು.

ಗೆಲ್ಲೋದು ಸೋಲೋದು ಬರೇ ಎಂಜಿನ್ ಮ್ಯಾಲ ನಿಂತಿರಲಿಲ್ಲ. 1985ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಐದು ದೇಶ ಕೂತು ಒಪ್ಪಂದ ಮಾಡಿಕೊಂಡವು. ಅದರಿಂದ ಡಾಲರ್ ಇಳೀತು, ಯೆನ್ ಜೋರಾಗಿ ಏರಿತು. ಜಪಾನಿನಿಂದ ಬಿಡಿಭಾಗ ತರಿಸಿ ಜೋಡಿಸೋ ಕಂಪನಿಗಳಿಗೆ ಖರ್ಚು ಮ್ಯಾಲ ಖರ್ಚು. ನ್ಯೂಯಾರ್ಕಿನ ಒಂದು ಸಹಿ ಸೊಲ್ಲಾಪುರ ರಸ್ತೆಯ ಸ್ಪೇರ್ ಪಾರ್ಟ್ಸ್ ಅಂಗಡಿಯ ರೇಟಿಗೆ ಮುಟ್ಟಿತು! ಫಾರಿನ್ ಎಕ್ಸ್‌ಚೇಂಜ್ ಪಾಠಕ್ಕ ಇದಕ್ಕಿಂತ ಚಲೋ ಉದಾಹರಣೆ ನನಗಂತೂ ಗೊತ್ತಿಲ್ಲ. ಡಿಸಿಎಂ ಟೊಯೋಟಾ ಮುಂದ ಡೇವೂ ಕೈಗೆ ಹೋತು. ಆಲ್ವಿನ್ ನಿಸಾನ್ ಮಹೀಂದ್ರಾ ಪಾಲಾತು.

407ರ ಪಾರ್ಟು ತಾಲೂಕು ಊರಾಗೂ ಸಿಗತಿತ್ತು. ದೊಡ್ಡ ಟಾಟಾ ಲಾರಿ ಬಿಚ್ಚಿ ಗೊತ್ತಿದ್ದ ಮಿಸ್ತ್ರಿಗೆ 407 ಹೊಸಾದಲ್ಲ. ಕೆಟ್ಟ ದಿನಾನ ಸರಿಯಾಗಿ ಸಂಜಿಗೆ ಊರು ಮುಟ್ಟೋ ಗಾಡಿ ಜನರಿಗೆ ಬೇಕಾಗಿತ್ತು.

1988ರಲ್ಲಿ ಟಾಟಾಮೊಬೈಲ್ 206 ಬಂತು, ಟಾಟಾದವರ ಮೊದಲ ಪಿಕಪ್. ಅದರ ಬುಡದ ಮ್ಯಾಲನ ಸಿಯೆರಾ, ಎಸ್ಟೇಟ್, ಆಮ್ಯಾಲ 1994ರಲ್ಲಿ ಸುಮೋ ಹುಟ್ಟಿದವು. ಅಂದ್ರ ಟಾಟಾದವರ ಕಾರುಗಳಿಗೆ ತಾಯಿ ಒಂದು ಪಿಕಪ್ ಗಾಡಿ.

ಒಂದು ಸಣ್ಣ ಗುಟ್ಟು ಹೇಳತೀನಿ. ಟಾಟಾ ಎಂಜಿನ್ ನಂಬರ್ ಓದೋದು ಸರಳ ಐತಿ. 497 ಅಂದ್ರ 4 ಸಿಲಿಂಡರ್, 97 ಮಿಲಿಮೀಟರ್ ಬೋರ್. 697 ಅಂದ್ರ 6 ಸಿಲಿಂಡರ್, ಅದ ಬೋರ್. 483 ಅಂದ್ರ 4 ಸಿಲಿಂಡರ್, 83 ಮಿಲಿಮೀಟರ್. ಹಳೇ ಟಾಟಾಮೊಬೈಲಿನ್ಯಾಗ 1948 ಸಿಸಿಯ 483 ಇತ್ತು. ಮುಂದಿನ 207 ಡಿಐಗೆ 407ರ ಮನೆತನದ 2956 ಸಿಸಿಯ 497 ಕೂಡಿಸಿದರು. ಸಣ್ಣ ಮೈಗೆ ದೊಡ್ಡ ಎದಿ. ನಮ್ಮ ಕಾಕಾಂದು ಇದ ಗಾಡಿ.

ಭಾಗ 4 | ದ್ರಾಕ್ಷಿ, ಸವಳು ನೀರು, ಪಾಟಾ

ಈ ಸರಣಿಯೊಳಗ ನನಗ ಬಹಳ ಸೇರಿದ ಭಾಗ ಇದು, ಉದ್ದ ಆದ್ರ ಬೈಬ್ಯಾಡ್ರಿ.

ತಿಕೋಟಾ, ಬಬಲೇಶ್ವರ ಕಡೆ ಮೊದಲ ಜೋಳದ ಹೊಲ. ಬೋರ್‌ವೆಲ್ ಬಂದ ಮ್ಯಾಲ ದ್ರಾಕ್ಷಿ ಬಂತು. ಮುಳವಾಡ, ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣೆಯ ನೀರು ಕೆರಿಗೆ ಬಂದ ಮ್ಯಾಲ ದ್ರಾಕ್ಷಿ ಪಡಕು ಇನ್ನೂ ಹೆಚ್ಚಾದವು. ದ್ರಾಕ್ಷಿ ಅಂದ್ರ ಅವಸರದ ಮಾಲು. ಜೋಳದ ಚೀಲ ನಾಳೆ ಹೋದ್ರೂ ನಡೀತೈತಿ, ಕಡದ ದ್ರಾಕ್ಷಿ ನಿಲ್ಲೋದಿಲ್ಲ. ಒಂದು ಕಿಲೋ ಮಣೂಕ ಆಗಬೇಕಂದ್ರ ಸುಮಾರು ನಾಕು ಕಿಲೋ ಹಸಿ ದ್ರಾಕ್ಷಿ ಬೇಕು. ಅಷ್ಟು ಭಾರ ಪಡದಿಂದ ಶೆಡ್ಡಿಗೆ ಹೊತ್ತದ್ದು ಯಾರು? ಪಿಕಪ್. ಒಣಗಿದ ಮ್ಯಾಲ ಸಾಂಗ್ಲಿ, ತಾಸಗಾಂವ ಮಾರ್ಕೆಟ್ಟಿಗೆ ಒಯ್ದದ್ದರಾಗೂ ಅದರ ಪಾಲು ಐತಿ. ಸೀಸನ್ ಬರೋದು ಫೆಬ್ರವರಿಯಿಂದ ಏಪ್ರಿಲ್, ಅಂದ್ರ ಬಿಸಲು ಏರೋ ಹೊತ್ತಿಗೇ. ಗಾಡಿ ಕೆಡೋ ರೋಗಗಳೆಲ್ಲಾ ಈ ಮೂರು ತಿಂಗಳಾಗ ಹೊರಗ ಬರತಾವ.

ಮೊದಲನೇದು ಬಿಸಿ. ನಮ್ಮ ಬೋರಿನ ನೀರು ಗಡುಸು. ಡೋಣಿ ಹೊಳಿ ನೀರಂತೂ ಸವಳು, ಸಾರವಾಡದ ಕಡೆಯವರನ್ನ ಕೇಳ್ರಿ. ಅದ ನೀರು ರೇಡಿಯೇಟರಿಗೆ ಸುರುವಿದ್ರ, ಮನ್ಯಾಗ ನೀರು ಕಾಸೋ ಹಂಡೆದೊಳಗ ಬಿಳಿ ಪೊರಿ ಕೂಡತೈತಲ್ಲ, ಹಂಗ ರೇಡಿಯೇಟರಿನ ಸಣ್ಣ ಕೊಳವಿಯೊಳಗೂ ಕೂಡತೈತಿ. ನೀರು ಹರಿಯೋ ದಾರಿ ಕಟ್ಟತೈತಿ. ಎಂಜಿನ್ ಬಿಸಿ ಆಗತೈತಿ, ಹೆಡ್ ಗ್ಯಾಸ್ಕೆಟ್ ಸುಡತೈತಿ, ಅಲ್ಲಿಗೂ ಓಡಿಸಿದ್ರ ಹೆಡ್ ಡೊಂಕಾಗತೈತಿ. ಗುರುತು ಹಿಡಿಯೋದು ಹೆಂಗ? ಎಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಚಾಲೂ ಮಾಡಿದ್ರ ಗುಳುಗುಳು ಗುಳ್ಳಿ ಏಳತಾವ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣ ಆಗಿದ್ರ ನೀರು ಒಳಗ ಇಳದೈತಿ ಅಂತ. (ಬಿಸಿ ಇದ್ದಾಗ ಮುಚ್ಚಳ ತೆಗೀಬ್ಯಾಡ್ರಿ, ಮಾರಿ ಸುಡತೈತಿ.)

ಹಳೇ ರೇಡಿಯೇಟರ್ ತಾಮ್ರ-ಹಿತ್ತಾಳಿದು. ಅದರ ಟ್ಯಾಂಕ್ ಬೆಸುಗಿ ಬಿಚ್ಚಿ, ಒಂದೊಂದ ಕೊಳವಿಯೊಳಗ ತೆಳ್ಳನ ಸಳಿ ಆಡಿಸಿ ಪೊರಿ ತೆಗೆದು, ಮತ್ತ ಬೆಸುಗಿ ಹಾಕತಿದ್ದರು. ಈ ಕೆಲಸ ಒಂದನ್ನ ಮಾಡೋ ಅಂಗಡಿಗಳಿದ್ದವು. ಈಗಿನ ರೇಡಿಯೇಟರ್ ಅಲ್ಯೂಮಿನಿಯಂದು, ಟ್ಯಾಂಕ್ ಪ್ಲಾಸ್ಟಿಕ್ಕಿಂದು. ಬೆಸುಗಿ ಹಿಡಿಯೋದಿಲ್ಲ, ತೆಗೆದು ಹೊಸಾದು ಹಾಕೋದ. ಬೆಸುಗಿ ಅಂಗಡಿಗಳು ಹೋಗಾಕ ಇದೂ ಒಂದು ಕಾರಣ.

ಇನ್ನೊಂದು ಚಟ ನಮ್ಮ ಕಡೆ ಬಾಳ: ಗಾಡಿ ಬಿಸಿ ಆತಂದ್ರ ಥರ್ಮೋಸ್ಟಾಟ್ ವಾಲ್ವ್ ಕಿತ್ತು ಒಗೆಯೋದು. ನನಗ ಇದು ಸರಿ ಅನಸೋದಿಲ್ಲ. ಆ ವಾಲ್ವ್ ಇರೋದು ಎಂಜಿನ್ ಲಗೂನ ತಕ್ಕ ಬಿಸಿಗೆ ಬರಲಿ ಅಂತ. ಕಿತ್ತರ ಎಂಜಿನ್ ಬಾಳೊತ್ತು ತಣ್ಣಗ ಓಡಿ ಡಿಸೆಲ್ ಹೆಚ್ಚು ತಿಂತೈತಿ, ಸಿಲಿಂಡರ್ ಸವೀತೈತಿ. ಪೊರಿ ಅಂತೂ ಅಲ್ಲೇ ಇರತೈತಿ.

ಎರಡನೇದು ಪಾಟಾ. ಎರಿ ಮಣ್ಣಿನ ಹಾದಿ ಮಳಿಯಾಗ ಕೆಸರು, ಬ್ಯಾಸಿಗ್ಯಾಗ ಗಟ್ಟಿ ಹೆಂಟಿ. ಒಂದು ಟನ್ನಿನ ಗಾಡಿಗೆ ಎರಡು ಟನ್ ಹೇರಿದ್ರ ಮೊದಲ ಮುರಿಯೋದು ಹಿಂದಿನ ಪಾಟಾ. ಮಾಲಕರು ಮಾಡೋ ಉಪಾಯ ಅಂದ್ರ ಜಾದಾ ಎರಡು ಪಾಟಾ ಹಾಕಸೋದು. ಪಾಟಾ ಮುರಿಯೋದು ನಿಲ್ಲತೈತಿ, ಖರೆ. ಆದ್ರ ಬಗ್ಗಿ ಪೆಟ್ಟು ನುಂಗೋದ ಪಾಟಾದ ಕೆಲಸ. ಅದನ್ನ ಬಿರುಸು ಮಾಡಿದ್ರ ಪೆಟ್ಟು ಚಾಸಿಗೆ ಹೋಗತೈತಿ, ಹೌಸಿಂಗಿಗೆ ಹೋಗತೈತಿ, ಬೇರಿಂಗಿಗೆ ಹೋಗತೈತಿ. ಎರಡು ವರ್ಷಕ್ಕ ಚಾಸಿ ಬಿರುಕು. ಅಲ್ಲಿ ವೆಲ್ಡಿಂಗ್ ಮಾಡಿಸಿದ್ರ ಆ ವೆಲ್ಡಿಂಗ್ ಬಾಜೂಕ ಮತ್ತೊಂದು ಬಿರುಕು. ಹಳೇ ಪಿಕಪ್ ತಗೋಳೋದಿದ್ರ ಪೇಂಟ್ ನೋಡಬ್ಯಾಡ್ರಿ, ಗಾಡಿ ಕೆಳಗ ಮಲಗಿ ಪಾಟಾ ಎಣಸ್ರಿ. ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚಿದ್ದರ ಆ ಗಾಡಿಯ ಹಿಂದಿನ ಜೀವನ ನಿಮಗ ತಿಳೀತು.

2005ರಲ್ಲಿ ಸುಪ್ರೀಂ ಕೋರ್ಟ್ ಓವರ್‌ಲೋಡ್ ವಿಷಯದಾಗ ಖಡಕ್ ತೀರ್ಪು ಕೊಟ್ಟಿತು: ಬರೇ ದಂಡ ಕಟ್ಟಿಸಿಕೊಂಡು ಬಿಡೂ ಹಂಗಿಲ್ಲ, ಹೆಚ್ಚಿನ ಮಾಲು ಇಳಿಸಿದ ಮ್ಯಾಲನ ಗಾಡಿ ಬಿಡಬೇಕು. ಹೊಲದ ಹಾದಿಗೆ ಆ ತೀರ್ಪು ಎಷ್ಟು ಮುಟ್ಟೈತಿ ಅಂತ ಪಾಟಾದ ಎಣಿಕೆನ ಹೇಳತೈತಿ.

ಭಾಗ 5 | ಆಡುಗೋಡಿಯ ಪಂಪು

ಬೆಂಗಳೂರಿನ ಆಡುಗೋಡಿ ಅಂದ್ರ ನಿಮಗ ಪಿಜಿ, ಟ್ರಾಫಿಕ್ ನೆನಪಾಗಬಹುದು. ನಮ್ಮ ಮಿಸ್ತ್ರಿ ಚಾಚಾಗ ನೆನಪಾಗೋದು "ಮೈಕೋ". 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಜರ್ಮನಿಯ ಬಾಷ್ ಜೊತೆಗಿನದ್ದು. 2008ರಲ್ಲಿ ಹೆಸರೂ ಬಾಷ್ ಆಯಿತು. ದೇಶದ ಲಾರಿ, ಟ್ರ್ಯಾಕ್ಟರ್, ಪಿಕಪ್ಪುಗಳ ಡಿಸೆಲ್ ಪಂಪು, ನಾಜಲ್ ಬಹಳಷ್ಟು ಅಲ್ಲಿಂದನ ಬಂದವು. ಗ್ಯಾರೇಜಿನ್ಯಾಗ ಇವತ್ತಿಗೂ ಯಾವ ಕಂಪನಿ ಪಂಪಾದ್ರೂ ಅದು "ಮೈಕೋ ಪಂಪ್". ಟೆಂಪೋ ಕಥೀನ ಮತ್ತೊಮ್ಮೆ.

ಪಂಪಿನೊಳಗಿನ ಪ್ಲಂಜರ್ ಮತ್ತು ಬ್ಯಾರಲ್ ನಡುವಿನ ಸಂದು ತಲೆಗೂದಲಿಗಿಂತ ಎಷ್ಟೋ ಪಟ್ಟು ಸಣ್ಣದು. ಕಸ, ನೀರು ಬಂದ್ರ ಗೀರು ಬೀಳತೈತಿ. ಡಿಸೆಲ್ಲಿಗೆ ರೇಷನ್ ಸೀಮೆಎಣ್ಣಿ ಬೆರಸೋ ಕಾಲ ಒಂದಿತ್ತು. ಸೀಮೆಎಣ್ಣ್ಯಾಗ ಜಿಡ್ಡು ಕಡಿಮಿ, ಪ್ಲಂಜರ್ ಒಣಗಿ ತಿಕ್ಕತಿತ್ತು. ಐದು ರೂಪಾಯಿ ಉಳಿಸಿ ಸಾವಿರಗಟ್ಟಲೆ ರೂಪಾಯಿ ಪಂಪು ಕಳಕೊಂಡವರು ಕಡಿಮಿ ಇಲ್ಲ.

ಚಾಚಾ ಹೊಗಿ ನೋಡಿ ರೋಗ ಹೇಳತಾರ. "ಕರಿ ಹೊಗಿ ಅಂದ್ರ ಉಣ್ಣೂದು ಜಾಸ್ತಿ, ಉಸಿರು ಕಡಿಮಿ. ಏರ್ ಫಿಲ್ಟರ್ ನೋಡು, ನಾಜಲ್ ನೋಡು. ನೀಲಿ ಹೊಗಿ ಅಂದ್ರ ಆಯಿಲ್ ಸುಡಾಕತ್ತೈತಿ, ರಿಂಗ್ ಹೋಗ್ಯಾವ. ಬಿಳಿ ಹೊಗಿ ಬಿಸಿ ಆದ ಮ್ಯಾಲೂ ನಿಲ್ಲಲಿಲ್ಲಂದ್ರ ನೀರು ಒಳಗ ಹೊಂಟೈತಿ ತಮ್ಮಾ, ಹೆಡ್ ಬಿಚ್ಚಬೇಕು."

ಪಂಪಿಗೆ ಕಂಪನಿಯವರು ಸೀಸದ ಸೀಲ್ ಹಾಕಿರತಾರ, ಇಷ್ಟ ಡಿಸೆಲ್ ಹೋಗಬೇಕು ಅಂತ. ಗಾಡಿ ಜಗ್ಗೋದಿಲ್ಲ ಅಂತ ಮಾಲಕ ಗೊಣಗಿದ್ರ ಕೆಲವು ಮಿಸ್ತ್ರಿಗಳು ಸೀಲ್ ಒಡದು ಸ್ಕ್ರೂ ತಿರುವತಾರ. ಗಾಡಿ ನಾಕು ದಿನ ಹುಲಿ ಆಗತೈತಿ. ಆಮ್ಯಾಲ ಕರಿ ಹೊಗಿ, ಬಿಸಿ, ಹೆಡ್ ಗ್ಯಾಸ್ಕೆಟ್. ಚಾಚಾ ಇದನ್ನ ಮಾಡೋದಿಲ್ಲ. ಪಂಪು ಬಿಚ್ಚಿ ಟೆಸ್ಟ್ ಬೆಂಚಿಗೆ ಕಳಸತಾರ. ಅದಕ್ಕ ಅವರ ಹತ್ರ ಗಿರಾಕಿ ಕಡಿಮಿ, ಬಂದವರು ಮಾತ್ರ ಬಿಡೋದಿಲ್ಲ.

ಇನ್ನೊಂದು ರೋಗ ಎಲ್ಲಾರಿಗೂ ಗೊತ್ತಿರಲಿ. ಟ್ಯಾಂಕ್ ಖಾಲಿ ಆಗಿ ನಿಂತ ಹಳೇ ಡಿಸೆಲ್ ಗಾಡಿಗೆ ಬರೇ ಡಿಸೆಲ್ ಹಾಕಿದ್ರ ಏಳೋದಿಲ್ಲ. ಪೈಪಿನ್ಯಾಗ ಗಾಳಿ ಹೊಕ್ಕಿರತೈತಿ. ಫಿಲ್ಟರಿನ ಬೋಲ್ಟ್ ಸಡಿಲ ಮಾಡಿ, ಹ್ಯಾಂಡ್ ಪಂಪ್ ಹೊಡದು, ನೊರಿ ಹೋಗಿ ಸ್ವಚ್ಛ ಡಿಸೆಲ್ ಬರೋ ತನಕ ಏರ್ ತೆಗೀಬೇಕು. ಹತ್ತು ನಿಮಿಷದ ಕೆಲಸ. ಗೊತ್ತಿಲ್ಲದವರು ಗಾಡಿ ಜಗ್ಗಿಸಿಕೊಂಡು ಗ್ಯಾರೇಜಿಗೆ ಬರತಾರ.

ಭಾಗ 6 | ನಾಕನೇ ಗಾಲಿ

2005ರ ಮೇ ತಿಂಗಳಲ್ಲಿ ಟಾಟಾ ಏಸ್ ಬಂತು. ಎರಡು ಸಿಲಿಂಡರ್, 16 ಅಶ್ವಶಕ್ತಿ, ಮುಕ್ಕಾಲು ಟನ್ ಮಾಲು. ಎಂಜಿನ್ ಹೆಸರು 275. ಭಾಗ 3ರ ಗುಟ್ಟು ಹಚ್ಚಿ ನೋಡ್ರಿ: 2 ಸಿಲಿಂಡರ್, 75 ಮಿಲಿಮೀಟರ್ ಬೋರ್. ಇಂಡಿಕಾ ಕಾರಿನ 475 ಎಂಜಿನ್ನಿನ ಅರ್ಧ! ಟಂಟಂ ಓಡಸೋವರನ್ನ ಮಾತಾಡಿಸಿ ಈ ಗಾಡಿ ಮಾಡಿದರು ಅಂತಾರ. ನಾಕು ಗಾಲಿ ಗಾಡಿ ಇದ್ರ ಹೆಣ್ಣು ಕೊಡೋವರು ಸಿಗತಾರ ಅಂತ ಒಬ್ಬ ಡ್ರೈವರ್ ಹೇಳಿದನಂತ, ಆ ಕಥಿ ಮ್ಯಾನೇಜ್‌ಮೆಂಟ್ ಕ್ಲಾಸುಗಳಾಗ ಇವತ್ತಿಗೂ ಓಡಾಡತೈತಿ. ನಮ್ಮ ಕಡೆ ನೋಡಿದ್ರ ಸುಳ್ಳಂತೂ ಅನಸೋದಿಲ್ಲ. ಮುಂದ ಏಸ್ ಜಿಪ್ ಅನ್ನೋ ಸಣ್ಣ ತಮ್ಮ ನಮ್ಮ ಧಾರವಾಡದಾಗನ ತಯಾರಾತು.

ಎರಡ ಸಿಲಿಂಡರ್ ಆದ್ದರಿಂದ ನಡುಗೋದು ಹೆಚ್ಚು. ಎಂಜಿನ್ ಮೌಂಟಿಂಗ್ ರಬ್ಬರ್ ಬೇಗ ಹೋಗತಾವ. ಗೇರ್ ಲಿವರ್ ಕುಣಿಯಾಕತ್ತಿತಂದ್ರ, ಸೈಲೆನ್ಸರ್ ಪೈಪ್ ಪದೇ ಪದೇ ಸೀಳಾಕತ್ತಿತಂದ್ರ ಮೊದಲ ರಬ್ಬರ್ ನೋಡ್ರಿ. ಎಂಜಿನ್ ಸೀಟಿನ ಕೆಳಗ ಇರೋದರಿಂದ ನೀರು ಸೋರಿದ್ದು ಲಗೂನ ಕಾಣೋದಿಲ್ಲ, ಕಂಡಾಗ ಹೆಡ್ ಹೋಗಿರತೈತಿ. ಮುಕ್ಕಾಲು ಟನ್ನಿನ ಗಾಡಿಗೆ ಒಂದೂವರೆ ಟನ್ ಉಳ್ಳಾಗಡ್ಡಿ ಹೇರಿದ್ದರ ಕಥಿ ಮತ್ತ ಹೇಳೋದಿಲ್ಲ, ಭಾಗ 4 ಓದ್ರಿ.

ಭಾಗ 7 | ಪುಸ್ತಕದಾಗ 6,779 ರೂಪಾಯಿ

2017ರ ಮಾರ್ಚ್ 29ರಂದು ಸುಪ್ರೀಂ ಕೋರ್ಟ್ ಏಪ್ರಿಲ್ 1ರಿಂದ ಬಿಎಸ್-3 ಗಾಡಿ ಮಾರಬಾರದು ಅಂದಿತು. 2020ರ ಏಪ್ರಿಲ್ 1ಕ್ಕೆ ಬಿಎಸ್-6 ಬಂತು. ಡಿಸೆಲ್ಲಿನೊಳಗಿನ ಗಂಧಕ 350 ಪಿಪಿಎಂನಿಂದ 50ಕ್ಕೆ, 50ರಿಂದ 10ಕ್ಕೆ ಇಳೀತು. ಹೊಗಿ ಕಡಿಮಿ ಆಗಿದ್ದು ಖರೆ, ಸಿದ್ಧೇಶ್ವರ ಜಾತ್ರಿ ಟ್ರಾಫಿಕ್ಕಿನ್ಯಾಗ ನಿಂತವರಿಗೆ ಗೊತ್ತು. ಆದ್ರ ಪಂಪಿನ ಜಾಗಾಕ್ಕ ಕಾಮನ್ ರೇಲ್ ಬಂತು. ಒತ್ತಡ ಸಾವಿರ ಬಾರ್ ದಾಟಿತು. ಸೆನ್ಸರ್, ಕಂಪ್ಯೂಟರ್. ಹೊಗಿ ನೋಡಿ ರೋಗ ಹೇಳೋ ಚಾಚಾ ಮುಂದ ಈಗ ಹೊಗೀನ ಬಿಡದ ಗಾಡಿ ಬಂದು ನಿಲ್ಲತೈತಿ, ಹಳದಿ ಲೈಟ್ ಹಚ್ಚಿಕೊಂಡು. ಸ್ಕ್ಯಾನರ್ ತಗೊಂಡಾರ ಅವರ ಮಗ. ಚಾಚಾ ಅದನ್ನ ಮುಟ್ಟೋದಿಲ್ಲ, ಖಂಡೇ ಪೂಜಾದ ದಿನ ಪಾನಾಗಳ ಜೋಡಿ ಅದಕ್ಕೂ ಕುಂಕುಮ ಹಚ್ಚಿದ್ದು ಮಾತ್ರ ನಾನು ನೋಡೀನಿ.

ಈಗ ಕಾಕಾನ ಗಾಡಿ. 2010ರ ಮಾಡೆಲ್ 207 ಡಿಐ, 2015ರಲ್ಲಿ 2,40,000ಕ್ಕ ತಗೊಂಡದ್ದು. ಬಾಡಿಗಿ ಗಾಡಿಗೆ ಇನ್‌ಕಮ್ ಟ್ಯಾಕ್ಸ್ ಲೆಕ್ಕದಾಗ ಸವಕಳಿ ವರ್ಷಕ್ಕ 30%, ಉಳಿದ ಬೆಲಿ ಮ್ಯಾಲ. ಹತ್ತು ವರ್ಷ ಹಚ್ಚಿದ್ರ ಪುಸ್ತಕದಾಗ ಉಳಿಯೋದು 6,779 ರೂಪಾಯಿ. ಅದ ಗಾಡಿಗೆ ಈಗ ನೀಲಿ ಹೊಗಿ. ನಾಕು ಲೈನರ್, ಪಿಸ್ಟನ್, ರಿಂಗ್, ಬೇರಿಂಗ್, ಹೆಡ್ ಫೇಸಿಂಗ್, ಪಂಪು, ಮಜೂರಿ ಹಿಡದು ಚಾಚಾ ಹೇಳಿದ್ದು ಸುಮಾರು 60,000. ಆರು ಸಾವಿರದ ಗಾಡಿಗೆ ಅರವತ್ತು ಸಾವಿರ ಹಾಕೋದಾ? ಕ್ಲಾಸಿನ್ಯಾಗ ಕೇಳಿದ್ರ ಎಲ್ಲಾರೂ "ಮಾರಿಬಿಡು" ಅಂದರು.

ಪುಸ್ತಕದ ಬೆಲಿ ಬ್ಯಾರೆ, ದುಡಿಯೋ ಬೆಲಿ ಬ್ಯಾರೆ. ಆ 207 ಈ ವರ್ಷದ ಮಣೂಕ ಸೀಸನ್ನಿನ್ಯಾಗ ಒಂದು ದಿನಾನೂ ನಿಂತಿಲ್ಲ, ನನ್ನ ಫೀ ಅದರಿಂದನ ಕಟ್ಟಿದ್ದು. ಹೊಸ ಪಿಕಪ್ ಅಂದ್ರ ಲಕ್ಷಗಟ್ಟಲೆ ಸಾಲ, ತಿಂಗಳಾ ಕಂತು. ಬ್ಯಾಸಿಗಿ ಬಿಟ್ಟು ಉಳಿದ ತಿಂಗಳು ಬಾಡಿಗಿ ಎಷ್ಟು ಬರತೈತಿ ಅನ್ನೋದರ ಮ್ಯಾಲ ಕಂತು ಕಾಯೋದಿಲ್ಲ.

ಆದ್ರ ಇನ್ನೊಂದು ಬಾಜೂನೂ ಐತಿ. ಬಾಡಿಗಿ ಗಾಡಿಗೆ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮ್ಯಾಲ ಪ್ರತಿ ವರ್ಷ. 15 ವರ್ಷ ದಾಟಿದ ಗಾಡಿಗಳ ಎಫ್‌ಸಿ ಫೀ 2022ರ ಏಪ್ರಿಲ್ 1ರಿಂದ ಬಹಳ ಏರಿಸ್ಯಾರ. 2021ರಲ್ಲಿ ಬಂದ ಗುಜರಿ ನೀತಿಯ ಉದ್ದೇಶನ ಅದು, ಹಳೇ ಗಾಡಿ ಇಟ್ಟುಕೊಳ್ಳೋದು ತುಟ್ಟಿ ಆಗಬೇಕು. ಕಾಕಾನ ಗಾಡಿಗೆ ಈ ವರ್ಷ 15 ತುಂಬತೈತಿ. ಅದರ ಹೊಗಿ ಕುಡಿಯೋವರು ನಾವ ಅಲ್ಲೇನು, ಅದೂ ಖರೆ. ಬ್ರೇಕ್, ಸ್ಟೇರಿಂಗ್, ಚಾಸಿ ಸರಿ ಇರಲಾರದ ಗಾಡಿ ರಸ್ತೆಗೆ ಬರಬಾರದು ಅನ್ನೋದರಾಗ ನನಗ ಎರಡು ಮಾತಿಲ್ಲ. ಸರಿ ಇಟ್ಟುಕೊಂಡ ಗಾಡಿಗೂ ಕೆಟ್ಟ ಗಾಡಿಗೂ ವಯಸ್ಸು ಒಂದ ಅಂತ ಫೀ ಒಂದ ಆದ್ರ ಅದು ಸರಿ ಕಾಣೋದಿಲ್ಲ.

ಕಾಕಾ ನಿರ್ಧಾರ ಮಾಡ್ಯಾರ. ಮನ್ಯಾಗ ಎರಡು ದಿನ ಜಗಳ ಆಗಿ, ಕಾಕು ತಮ್ಮ ಭಿಶಿ ರೊಕ್ಕ ಕೊಟ್ಟ ಮ್ಯಾಲ. ಪೂರಾ ಎಂಜಿನ್ ಕೆಲಸ ಮಾಡಿಸಿ, ಜಾದಾ ಹಾಕಿಸಿದ್ದ ಎರಡು ಪಾಟಾ ತೆಗಿಸಿ, ಮುಂದಿನ ಸೀಸನ್ ಒಂದ ಟನ್ನ ಹೇರೋದು. ಟ್ರಿಪ್ ಹೆಚ್ಚಾಗತಾವ, ಡಿಸೆಲ್ ಹೆಚ್ಚಾಗತೈತಿ, ಪರವಡತೈತೋ ಇಲ್ಲೋ ಅಂತ ಒಂದು ವಹಿಯೊಳಗ ಬರದಿಡೋ ಕೆಲಸ ನನಗ ಹಚ್ಯಾರ. ಈ 60,000 ರೆವೆನ್ಯೂ ಖರ್ಚೋ ಕ್ಯಾಪಿಟಲ್ ಖರ್ಚೋ? ಕಾಮರ್ಸ್ ದೋಸ್ತರು ಕಾಮೆಂಟಿನ್ಯಾಗ ಹೇಳ್ರಿ, ಕಾರಣ ಸಮೇತ.

ಮತ್ತ ನಿಮ್ಮ ಮನ್ಯಾಗ ಮೆಟಡೋರ್, ಹ್ಯಾನ್ಸೀಟ್, 206 ಯಾವುದರದ್ದಾದ್ರೂ ಹಳೇ ಫೋಟೋ ಇದ್ರ ಕಳಸ್ರಿ. ಎಳ್ಳ ಅಮಾಸಿಗೆ ಚರಗ ಚೆಲ್ಲಾಕ ಹೊಲಕ್ಕ ಹೊಂಟ ಫೋಟೋ ಆದ್ರ ಇನ್ನೂ ಚಲೋ. ನಂಬರ್ ಪ್ಲೇಟ್ ಮುಚ್ಚಿ ಹಾಕತೀನಿ.

#ವಿಜಯಪುರ #ತಿಕೋಟಾ #ಬಬಲೇಶ್ವರ #ಇಟ್ಟಂಗಿಹಾಳ #ಹಳೇಗಾಡಿ